ಬ್ಯಾಂಕಿನ ‘ಫ್ರಾಡ್ ಡಿಪಾರ್ಟ್‌ಮೆಂಟ್’ನಿಂದ ಅಂತ ಫೋನ್ ಬಂದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಲಾಟರಿ ಹೊಡೆದಿದೆ ಎಂದರೆ ಈಗ ಯಾರೂ ನಂಬುವುದಿಲ್ಲ. ಆದರೆ “ನಿಮ್ಮ ಖಾತೆಯಿಂದ ಯಾರೋ ದುಡ್ಡು ಎಳೀತಿದ್ದಾರೆ, ತಡೀಬೇಕು, ಬೇಗ ಹೇಳಿ” ಎಂದರೆ ಎಂಥವರಿಗೂ ಎದೆ ಧಸಕ್ ಎನ್ನುತ್ತದೆ. ಆಸೆಗೆ ಬೀಳದವರೂ ಭಯಕ್ಕೆ ಬೀಳುತ್ತಾರೆ. ಹಾಗಾಗಿ ಈ ಮೋಸಕ್ಕೆ ಸಿಕ್ಕವರಲ್ಲಿ ಮೇಷ್ಟ್ರಿದ್ದಾರೆ, ಡಾಕ್ಟರಿದ್ದಾರೆ, ಸಾಫ್ಟ್‌ವೇರ್ ಕೆಲಸದಲ್ಲಿರುವವರೂ ಇದ್ದಾರೆ. ಜನ ನಿಜವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ದುಡ್ಡು ಈಗಾಗಲೇ ಹೋಗಿದ್ದರೆ ಉಳಿದದ್ದನ್ನು ಆಮೇಲೆ ಓದಿ, ಮೊದಲು 1930ಕ್ಕೆ ಫೋನ್ ಮಾಡಿ.

ಈ ಕರೆ ಹೇಗಿರುತ್ತದೆ?

ಮಾತು ತುಂಬ ಮರ್ಯಾದೆಯಿಂದ ಶುರುವಾಗುತ್ತದೆ. “ನಮಸ್ಕಾರ ಸರ್, ಬ್ಯಾಂಕಿನ ಫ್ರಾಡ್ ಮಾನಿಟರಿಂಗ್ ವಿಭಾಗದಿಂದ ಮಾತಾಡ್ತಿರೋದು. ನಿಮ್ಮ ಕಾರ್ಡಿಂದ 48,500 ರೂಪಾಯಿ ಟ್ರಾನ್ಸಾಕ್ಷನ್ ನಡೀತಿದೆ, ನೀವೇ ಮಾಡ್ತಿದ್ದೀರಾ?” ನೀವು ಇಲ್ಲ ಅನ್ನುತ್ತೀರಿ. “ಗಾಬರಿ ಆಗಬೇಡಿ, ನಾನು ಹೋಲ್ಡ್ ಮಾಡಿದೀನಿ. ಕ್ಯಾನ್ಸಲ್ ಮಾಡೋಕೆ ನಿಮ್ಮ ಮೊಬೈಲಿಗೆ ಒಂದು ಕೋಡ್ ಕಳಿಸ್ತೀನಿ.” ಹಿಂದುಗಡೆ ಕಾಲ್ ಸೆಂಟರಿನ ಗದ್ದಲ ಕೇಳಿಸುತ್ತದೆ. ಹಿಂದಿ, ಇಂಗ್ಲಿಷ್ ಮಾತ್ರವಲ್ಲ, ಒಳ್ಳೆಯ ಕನ್ನಡದಲ್ಲಿ ಮಾತಾಡುವವರೂ ಇದ್ದಾರೆ.

ಕೋಡ್ ಬರುತ್ತದೆ. ಬಂದದ್ದೂ ನಿಮ್ಮ ಬ್ಯಾಂಕಿನಿಂದಲೇ. ಎಲ್ಲರೂ ಎಡವುವುದು ಇಲ್ಲೇ. ಅಸಲಿಗೆ ಆ ಹೊತ್ತಿನವರೆಗೂ ಯಾವ ವ್ಯವಹಾರವೂ ನಡೆದಿರುವುದಿಲ್ಲ. ಮಾತಾಡುತ್ತಿರುವವನೋ ಅವನ ಪಕ್ಕದಲ್ಲಿ ಕೂತವನೋ ಆ ಗಳಿಗೆಯಲ್ಲಿ ನಿಮ್ಮ ಕಾರ್ಡ್ ಹಾಕಿ ಏನನ್ನೋ ಕೊಳ್ಳುತ್ತಿರುತ್ತಾನೆ. ಅದಕ್ಕೆ ಬಂದ ಒಟಿಪಿಯನ್ನೇ ಅವನು ‘ಕ್ಯಾನ್ಸಲ್ ಕೋಡ್’ ಅಂತ ಕರೆಯುತ್ತಾನೆ. ಆ ಮೆಸೇಜನ್ನು ಪೂರ್ತಿ ತೆರೆದು ಓದಿದರೆ ಎಷ್ಟು ರೂಪಾಯಿ, ಯಾವ ಅಂಗಡಿಗೆ, ಯಾರಿಗೂ ಹೇಳಬೇಡಿ ಎಂದೆಲ್ಲ ಬರೆದಿರುತ್ತದೆ. ಓದಲು ಅವನು ಬಿಡುವುದಿಲ್ಲ. ಮೊಬೈಲಿನ ಮೇಲ್ಭಾಗದಲ್ಲಿ ಬರೀ ಆರು ಅಂಕಿ ಎದ್ದು ಕಾಣುತ್ತದೆ, ಕಿವಿಯಲ್ಲಿ “ಬೇಗ ಸರ್, ಮೂವತ್ತು ಸೆಕೆಂಡ್ ಅಷ್ಟೇ ಇದೆ” ಅನ್ನುವ ಅವಸರ. ಒಟಿಪಿ ಇರುವುದು ಖಾತೆಯಿಂದ ಹಣ ಹೋಗಲು ಒಪ್ಪಿಗೆ ಕೊಡಲಿಕ್ಕೆ, ಹೋಗುತ್ತಿರುವ ಹಣವನ್ನು ತಡೆಯಲಿಕ್ಕಲ್ಲ. ವ್ಯವಹಾರ ರದ್ದುಮಾಡಲು ಗ್ರಾಹಕರು ಒಟಿಪಿಯನ್ನು ಫೋನಿನಲ್ಲಿ ಓದಿ ಹೇಳಬೇಕಾದ ಪದ್ಧತಿ ಯಾವ ಬ್ಯಾಂಕಿನಲ್ಲೂ ಇಲ್ಲ.

ನನ್ನ ಹೆಸರು, ಕಾರ್ಡ್ ನಂಬರ್ ಅವರೇ ಹೇಳಿದರು. ಬ್ಯಾಂಕಿನವರಲ್ಲದಿದ್ದರೆ ಹೇಗೆ ಗೊತ್ತಿರುತ್ತದೆ?

ಹೆಸರು, ಮೊಬೈಲ್ ನಂಬರ್, ಪ್ಯಾನ್, ಹುಟ್ಟಿದ ದಿನ ಇವೆಲ್ಲ ಸಾಲದ ಆ್ಯಪ್‌ನಿಂದ ಹಿಡಿದು ಮಾಲ್‌ನ ಲಕ್ಕಿ ಡಿಪ್ ಚೀಟಿಯವರೆಗೆ ಎಲ್ಲೆಲ್ಲೋ ಬರೆದುಕೊಟ್ಟಿರುತ್ತೇವೆ. ಅವು ಸೋರಿ, ಮಾರಾಟವಾಗಿ ಹೋಗಿರುತ್ತವೆ.

ಇನ್ನು ಕಾರ್ಡ್ ನಂಬರ್. “ನಿಮ್ಮ ಕಾರ್ಡ್ ಈ ನಾಲ್ಕು ಅಂಕಿಯಿಂದ ಶುರುವಾಗುತ್ತಲ್ವಾ?” ಎಂದು ಕೇಳಿದರೆ ಕೂಡಲೇ ನಂಬಬೇಡಿ. ಕಾರ್ಡಿನ ಮೊದಲ ಆರು ಅಂಕಿ ಯಾವ ಬ್ಯಾಂಕು, ಯಾವ ಬಗೆಯ ಕಾರ್ಡು ಎಂಬುದನ್ನಷ್ಟೇ ಹೇಳುತ್ತವೆ. ಅದೇ ಬ್ಯಾಂಕಿನ ಅದೇ ಬಗೆಯ ಕಾರ್ಡ್ ಇರುವ ಅಸಂಖ್ಯ ಜನರಿಗೆ ಅವೇ ಅಂಕಿ. ಮುಂದಿನದನ್ನು ‘ಕನ್ಫರ್ಮ್ ಮಾಡಿ’ ಎನ್ನುತ್ತಾ ನಿಮ್ಮ ಬಾಯಿಂದಲೇ ಹೇಳಿಸುತ್ತಾರೆ.

ಪೂರ್ತಿ ನಂಬರ್ ಕೇಳಲಿಲ್ಲ. ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ, ಎಕ್ಸ್‌ಪೈರಿ ತಿಂಗಳು ಅಷ್ಟೇ ಕೇಳಿದರು. ಅದರಿಂದೇನು?

ಅದರಿಂದಲೇ ಎಲ್ಲ. ಯುಪಿಐ ಆ್ಯಪಿನಲ್ಲಿ ಹೊಸ ಪಿನ್ ಇಡುವಾಗ ಕೇಳುವುದು ಸರಿಯಾಗಿ ಅವೆರಡನ್ನೇ, ಆಮೇಲೆ ಒಟಿಪಿ. ಇದಕ್ಕೆ ಜೊತೆಯಾಗಿ ಇನ್ನೊಂದು ಕೆಲಸ ಮಾಡಿಸುತ್ತಾರೆ: ಅರ್ಥವಾಗದ ಅಕ್ಷರಗಳ ಒಂದು ಮೆಸೇಜ್ ಕಳಿಸಿ “ಇದನ್ನು ಈ ನಂಬರಿಗೆ ಫಾರ್ವರ್ಡ್ ಮಾಡಿ, ನಿಮ್ಮ ಖಾತೆ ಸೇಫ್ ಆಗುತ್ತೆ” ಅನ್ನುತ್ತಾರೆ. ಯುಪಿಐ ಆ್ಯಪ್ ನಿಮ್ಮ ಸಿಮ್ಮನ್ನು ಗುರುತು ಹಿಡಿಯುವುದು ಅಂಥದೇ ಮೆಸೇಜಿನಿಂದ. ನಿಮ್ಮ ಸಿಮ್ಮಿನಿಂದ ಅದು ಹೋದ ಕೂಡಲೇ ನಿಮ್ಮ ನಂಬರು ಅವನ ಮೊಬೈಲಿನ ಆ್ಯಪಿಗೆ ಅಂಟಿಕೊಳ್ಳುತ್ತದೆ. ಮುಂದೆ ಅವನು ನಿಮ್ಮನ್ನು ಕೇಳಬೇಕಾದದ್ದು ಹೆಚ್ಚೇನೂ ಉಳಿದಿರುವುದಿಲ್ಲ. ಯಾರೇ ಹೇಳಿದರೂ ಗೊತ್ತಿಲ್ಲದ ಮೆಸೇಜನ್ನು ಫಾರ್ವರ್ಡ್ ಮಾಡಬೇಡಿ.

ನಾನು ಒಟಿಪಿ ಹೇಳಲೇ ಇಲ್ಲ. ಆದರೂ ದುಡ್ಡು ಹೋಯಿತು. ಹೇಗೆ?

ಒಟಿಪಿ ಹೇಳಬಾರದು ಎಂಬುದು ಜನಕ್ಕೆ ಗೊತ್ತಾದ ಮೇಲೆ, ಕೇಳದೆಯೇ ತೆಗೆದುಕೊಳ್ಳುವ ದಾರಿ ಹುಡುಕಿದ್ದಾರೆ. ಹೆಚ್ಚು ನಡೆಯುತ್ತಿರುವುದು ಸ್ಕ್ರೀನ್ ಶೇರ್. “ನಿಮ್ಮ ಮೊಬೈಲಲ್ಲಿ ವೈರಸ್ ಇದೆ, ನಮ್ಮ ಟೆಕ್ನಿಕಲ್ ಟೀಮ್ ನೋಡುತ್ತೆ” ಎಂದು ಎನಿಡೆಸ್ಕ್, ಟೀಮ್‌ವ್ಯೂವರ್‌ನಂಥ ಆ್ಯಪ್ ಹಾಕಿಸುತ್ತಾರೆ. ಈ ಆ್ಯಪ್‌ಗಳು ಕಂಪ್ಯೂಟರ್ ರಿಪೇರಿಯವರು ದಿನಾ ಬಳಸುವಂಥವು, ಅವುಗಳಲ್ಲಿ ತಪ್ಪಿಲ್ಲ. ಆದರೆ ಅಲ್ಲಿ ತೋರುವ ಕೋಡ್ ಹೇಳಿ, ‘ಅಲೋ’ ಒತ್ತಿದಿರೋ, ನಿಮ್ಮ ಪರದೆ ಅವನ ಕಣ್ಣ ಮುಂದಿರುತ್ತದೆ. ಬರುವ ಒಟಿಪಿಯನ್ನು ನಿಮಗಿಂತ ಮೊದಲು ಅವನೇ ಓದುತ್ತಾನೆ. ರಿಸರ್ವ್ ಬ್ಯಾಂಕ್ ಇದರ ಬಗ್ಗೆ ಬ್ಯಾಂಕುಗಳಿಗೆ 2019ರಲ್ಲೇ ಎಚ್ಚರಿಕೆ ಕೊಟ್ಟಿತ್ತು. ಈಗ ವಾಟ್ಸಾಪ್ ವಿಡಿಯೊ ಕಾಲ್‌ನಲ್ಲೇ ಸ್ಕ್ರೀನ್ ಶೇರ್ ಇರುವುದರಿಂದ ಬೇರೆ ಆ್ಯಪ್ ಕೂಡ ಬೇಕಿಲ್ಲ.

ಎರಡನೆಯದು ಎಪಿಕೆ ಫೈಲು, ಅಂದರೆ ಪ್ಲೇ ಸ್ಟೋರ್ ಇಲ್ಲದೆ ನೇರವಾಗಿ ಮೊಬೈಲಿಗೆ ಆ್ಯಪ್ ಹಾಕುವ ಫೈಲು. ಬ್ಯಾಂಕಿನ ಲೋಗೊ ಹಾಕಿ, ಕೆವೈಸಿ ಅಪ್‌ಡೇಟ್ ಅಂತಲೋ ಕಾರ್ಡ್ ಬ್ಲಾಕ್ ಅಂತಲೋ ಹೆಸರಿಟ್ಟು ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಅದನ್ನು ಹಾಕಿಕೊಂಡು ಎಸ್‌ಎಂಎಸ್ ನೋಡಲು ಅನುಮತಿ ಕೊಟ್ಟರೆ ನಿಮ್ಮ ಮೆಸೇಜುಗಳೆಲ್ಲ ಸದ್ದಿಲ್ಲದೆ ಅವರಿಗೆ ಹೋಗುತ್ತವೆ. ಯಾವ ಬ್ಯಾಂಕೂ ತನ್ನ ಆ್ಯಪನ್ನು ವಾಟ್ಸಾಪಿನಲ್ಲಿ ಫೈಲಾಗಿ ಹಂಚುವುದಿಲ್ಲ.

ಮೂರನೆಯದು ಕಾಲ್ ಮರ್ಜ್. ಮಾತಿನ ನಡುವೆ ಇನ್ನೊಂದು ಕರೆ ಬರುತ್ತದೆ. “ಅದು ನಮ್ಮ ಮ್ಯಾನೇಜರ್, ಮರ್ಜ್ ಮಾಡಿ” ಅನ್ನುತ್ತಾನೆ. ಬಂದದ್ದು ಒಟಿಪಿಯನ್ನು ಧ್ವನಿಯಲ್ಲಿ ಹೇಳುವ ಬ್ಯಾಂಕಿನ ಕರೆ. ಮರ್ಜ್ ಮಾಡಿದಾಗ ಅವನಿಗೂ ಕೇಳಿಸುತ್ತದೆ. ಸ್ಟಾರ್ 401 ಸ್ಟಾರ್ ಒತ್ತಿ ಒಂದು ನಂಬರ್ ಡಯಲ್ ಮಾಡಿ ಅನ್ನುವುದೂ ಇದೇ ಜಾತಿಯದು, ನಿಮ್ಮ ಕರೆಗಳೆಲ್ಲ ಅವನಿಗೆ ತಿರುಗುತ್ತವೆ. ಹೀಗೆ ಕೋಡ್ ಒತ್ತಿ ಕರೆ ತಿರುಗಿಸುವ ಸೌಲಭ್ಯವನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸುವಂತೆ ದೂರಸಂಪರ್ಕ ಇಲಾಖೆ ಮೊಬೈಲ್ ಕಂಪನಿಗಳಿಗೆ ಹೇಳಿತು. ಆದರೂ ನಿಮ್ಮ ಫೋನಿನ ಕಾಲ್ ಸೆಟ್ಟಿಂಗ್ಸ್‌ನಲ್ಲಿ ಕಾಲ್ ಫಾರ್ವರ್ಡಿಂಗ್ ಆಫ್ ಇದೆಯಾ ಅಂತ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಫೋನಿನಲ್ಲಿ ಬ್ಯಾಂಕಿನ ಹೆಸರೇ ಕಾಣಿಸಿತಲ್ಲ?

ಟ್ರೂಕಾಲರ್‌ನಂಥ ಆ್ಯಪುಗಳಲ್ಲಿ ಯಾರು ಬೇಕಾದರೂ ತಮ್ಮ ನಂಬರಿಗೆ ಬ್ಯಾಂಕಿನ ಹೆಸರಿಟ್ಟುಕೊಳ್ಳಲು ನೋಡಬಹುದು. ವಾಟ್ಸಾಪ್ ಡಿಪಿಯಲ್ಲಿ ಲೋಗೊ ಹಾಕಲು ಯಾರ ಅಪ್ಪಣೆಯೂ ಬೇಡ. ವಿದೇಶದಿಂದ ಮಾಡಿದ ಕರೆ +91ರ ನಂಬರಾಗಿ ಕಾಣುವಂತೆ ಮಾಡುವ ತಂತ್ರವೂ ಇದೆ. ಅಂಥ ಕರೆಗಳನ್ನು ತಡೆಯುವ ವ್ಯವಸ್ಥೆಯನ್ನು ಸರ್ಕಾರ 2024ರ ಅಕ್ಟೋಬರಿನಲ್ಲಿ ಶುರುಮಾಡಿತು.

ಇನ್ನೊಂದು ವ್ಯವಸ್ಥೆ ಬಂದಿದೆ. ಖಾತೆಗೆ, ವ್ಯವಹಾರಕ್ಕೆ ಸಂಬಂಧಿಸಿದ ಕರೆಗಳನ್ನು ಬ್ಯಾಂಕುಗಳು 1600ರಿಂದ ಶುರುವಾಗುವ ನಂಬರಿನಿಂದಲೇ ಮಾಡಬೇಕು, ಪ್ರಚಾರದ ಕರೆಗೆ 140ರ ಸಾಲು ಬಳಸಬೇಕು ಎಂದು ರಿಸರ್ವ್ ಬ್ಯಾಂಕ್ 2025ರ ಜನವರಿಯಲ್ಲಿ ಹೇಳಿತು. ಆದ್ದರಿಂದ ಮಾಮೂಲಿ ಹತ್ತು ಅಂಕಿಯ ಮೊಬೈಲಿನಿಂದ ‘ಫ್ರಾಡ್ ಡಿಪಾರ್ಟ್‌ಮೆಂಟ್’ ಮಾತಾಡುತ್ತಿದ್ದರೆ ಅನುಮಾನಪಡಲು ಅದೊಂದೇ ಸಾಕು. ಹಾಗಂತ 1600 ನೋಡಿದ ಕೂಡಲೇ ಪಿನ್ ಹೇಳಬೇಕೆಂದಲ್ಲ. ಪಿನ್ನನ್ನು ಯಾವ ನಂಬರಿಗೂ ಹೇಳುವಂತಿಲ್ಲ.

ಹಾಗಾದರೆ ನಿಜವಾದ ಬ್ಯಾಂಕಿನವರು ಫೋನ್ ಮಾಡುವುದೇ ಇಲ್ಲವಾ?

ಮಾಡುತ್ತಾರೆ. ರಾತ್ರಿ ಎರಡು ಗಂಟೆಗೆ ನಿಮ್ಮ ಕಾರ್ಡ್ ವಿದೇಶದಲ್ಲಿ ಉಜ್ಜಿದಂತೆ ಕಂಡರೆ ಬ್ಯಾಂಕಿನ ನಿಜವಾದ ವಿಭಾಗದವರೇ ಕರೆ ಮಾಡಿ ಅಥವಾ ಮೆಸೇಜ್ ಕಳಿಸಿ ಕೇಳಬಹುದು. ಅವರಿಗೆ ಬೇಕಾಗಿರುವುದು ‘ಹೌದು, ನಾನೇ ಮಾಡಿದ್ದು’ ಅಥವಾ ‘ಇಲ್ಲ’ ಎಂಬ ಉತ್ತರ ಮಾತ್ರ. ಇಲ್ಲ ಎಂದರೆ ಕಾರ್ಡನ್ನು ಅವರೇ ಬ್ಲಾಕ್ ಮಾಡಬಲ್ಲರು. ಒಟಿಪಿ, ಸಿವಿವಿ, ಎಟಿಎಂ ಪಿನ್, ಯುಪಿಐ ಪಿನ್, ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ಯಾವುದೂ ಅವರಿಗೆ ಬೇಡ. ನಿಮ್ಮ ದುಡ್ಡನ್ನು ‘ಸುರಕ್ಷಿತ ಖಾತೆ’ಗೋ ‘ಆರ್‌ಬಿಐ ಪರಿಶೀಲನಾ ಖಾತೆ’ಗೋ ಹಾಕಿ ಎಂದಂತೂ ಹೇಳುವುದೇ ಇಲ್ಲ. ಅಂಥ ಖಾತೆ ಎಲ್ಲೂ ಇಲ್ಲ. ನಡುವೆ ಸಿಬಿಐ, ಇಡಿ ಅಧಿಕಾರಿಗೆ ಲೈನ್ ಕೊಡುತ್ತೇವೆ ಎಂದರೆ ಕರೆ ‘ಡಿಜಿಟಲ್ ಅರೆಸ್ಟ್’ ಕಡೆ, ಅಂದರೆ ವಿಡಿಯೊ ಕಾಲ್‌ನಲ್ಲೇ ಬಂಧಿಸಿದ್ದೇವೆ ಎಂದು ಹೆದರಿಸಿ ಹಣ ಕೀಳುವ ಮೋಸದ ಕಡೆ ತಿರುಗುತ್ತಿದೆ ಎಂದೇ ತಿಳಿಯಿರಿ. ಅಂಥ ಬಂಧನ ನಮ್ಮ ಕಾನೂನಿನಲ್ಲಿ ಇಲ್ಲ.

ನಿಜವೋ ಸುಳ್ಳೋ ಗೊತ್ತಾಗದಿದ್ದರೆ ಏನು ಮಾಡಲಿ?

ಗೊತ್ತುಮಾಡಿಕೊಳ್ಳಲು ಹೋಗಲೇಬೇಡಿ. ಇದು ನಾನು ಎಲ್ಲರಿಗೂ ಮೊದಲು ಹೇಳುವ ಮಾತು. ಕರೆ ಮಾಡಿದವನನ್ನು ಪ್ರಶ್ನೆ ಕೇಳಿ ಪರೀಕ್ಷಿಸುತ್ತೇನೆ ಎಂದು ಕೂತವರೇ ಜಾಸ್ತಿ ಸಿಕ್ಕಿಬೀಳುವುದು. ಅವನು ದಿನವಿಡೀ ಅದೇ ಪ್ರಶ್ನೆಗಳಿಗೆ ಉತ್ತರ ಕೊಟ್ಟವನು. ಎಂಪ್ಲಾಯಿ ಐಡಿ ಕೇಳಿದರೆ ಐಡಿ ಕಾರ್ಡಿನ ಫೋಟೊನೇ ಕಳಿಸುತ್ತಾನೆ. “ನಾನೇ ಬ್ಯಾಂಕಿಗೆ ಫೋನ್ ಮಾಡ್ತೀನಿ” ಎಂದು ಹೇಳಿ ಕಟ್ ಮಾಡಿ. ಆಮೇಲೆ ಕಾರ್ಡಿನ ಹಿಂಬದಿಯಲ್ಲೋ ಪಾಸ್‌ಬುಕ್ಕಿನಲ್ಲೋ ಇರುವ ನಂಬರಿಗೆ ನೀವೇ ಡಯಲ್ ಮಾಡಿ. ನಿಜವಾದ ತೊಂದರೆ ಇದ್ದರೆ ಅಲ್ಲಿ ಗೊತ್ತಾಗುತ್ತದೆ. ನಿಜವಾದ ಬ್ಯಾಂಕಿನವರು ಕಟ್ ಮಾಡಿದ್ದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಕಟ್ ಮಾಡಬೇಡಿ, ಮಾಡಿದರೆ ದುಡ್ಡು ಹೋಗುತ್ತೆ ಎಂದು ಹೆದರಿಸುವವನು ಕಳ್ಳನೇ.

ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಬೇಡಿ. ಅಲ್ಲೂ ನಕಲಿ ನಂಬರ್ ತೂರಿಸಿರುತ್ತಾರೆ. ಬ್ಯಾಂಕಿನ ವೆಬ್‌ಸೈಟೇ ಬೇಕೆಂದರೆ ವಿಳಾಸ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುತ್ತದೆಯೇ ನೋಡಿ. 2025ರ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ಈ ವಿಳಾಸಕ್ಕೆ ಬರಬೇಕೆಂದು ರಿಸರ್ವ್ ಬ್ಯಾಂಕ್ ಗಡುವು ಕೊಟ್ಟಿತ್ತು.

ದುಡ್ಡೇನೂ ಹೋಗಿಲ್ಲ, ಕರೆ ಮಾತ್ರ ಬಂದಿತ್ತು ಎಂದಾದರೂ ಆ ನಂಬರನ್ನು ದೂರಸಂಪರ್ಕ ಇಲಾಖೆಯ ‘ಸಂಚಾರ್ ಸಾಥಿ’ ವೆಬ್‌ಸೈಟಿನ ‘ಚಕ್ಷು’ ವಿಭಾಗದಲ್ಲಿ ದಾಖಲಿಸಿ. ಎರಡು ನಿಮಿಷದ ಕೆಲಸ.

ದುಡ್ಡು ಹೋಗಿಬಿಟ್ಟಿದೆ. ಈಗ ಏನು ಮಾಡಲಿ?

ಮೊದಲು 1930. ಇದು ರಾಷ್ಟ್ರೀಯ ಸೈಬರ್ ಸಹಾಯವಾಣಿ. ನೀವು ದೂರು ಹೇಳಿದ ಕೂಡಲೇ ಅದು ಸಂಬಂಧಪಟ್ಟ ಬ್ಯಾಂಕುಗಳಿಗೆ ಹೋಗುತ್ತದೆ, ದುಡ್ಡು ಇನ್ನೂ ಯಾವುದಾದರೂ ಖಾತೆಯಲ್ಲಿ ಇದ್ದರೆ ಅಲ್ಲೇ ತಡೆಹಿಡಿಯುತ್ತಾರೆ. ಕಳ್ಳರು ದುಡ್ಡನ್ನು ಒಂದು ಖಾತೆಯಿಂದ ಹತ್ತು ಖಾತೆಗೆ ಹಂಚಿ ಎಟಿಎಂನಲ್ಲಿ ತೆಗೆಯುವ ಮೊದಲು ಇದು ಆಗಬೇಕು. ಪೊಲೀಸರು ‘ಗೋಲ್ಡನ್ ಅವರ್’ ಅನ್ನುವುದು ಇದಕ್ಕೇ. ಸಂಜೆ ಮಗ ಆಫೀಸಿನಿಂದ ಬರಲಿ, ನಾಳೆ ಬ್ರಾಂಚ್ ತೆರೆಯಲಿ ಎಂದು ಕಾಯಬೇಡಿ.

ಫೋನ್ ಮಾಡುವಾಗ ಖಾತೆ ನಂಬರ್, ಹೋದ ಮೊತ್ತ, ಹೊತ್ತು, ಹಣ ಕಡಿತವಾದ ಮೆಸೇಜಿನಲ್ಲಿರುವ ಟ್ರಾನ್ಸಾಕ್ಷನ್ ನಂಬರ್ ಕೈಯಲ್ಲಿರಲಿ. ಯುಪಿಐ ಆದರೆ ಅದು 12 ಅಂಕಿಯ ಯುಟಿಆರ್. ಲೈನ್ ಸಿಗದಿದ್ದರೆ ಮತ್ತೆ ಮತ್ತೆ ಮಾಡಿ, ಅಷ್ಟರಲ್ಲಿ ಮನೆಯ ಇನ್ನೊಬ್ಬರು ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ದೂರು ಬರೆಯಲಿ, ಮತ್ತೊಬ್ಬರು ಬ್ಯಾಂಕಿಗೆ ಫೋನ್ ಮಾಡಿ ಕಾರ್ಡ್, ಯುಪಿಐ, ನೆಟ್ ಬ್ಯಾಂಕಿಂಗ್ ಎಲ್ಲ ಬ್ಲಾಕ್ ಮಾಡಿಸಲಿ. ಬ್ಯಾಂಕಿನವರು ಕೊಡುವ ದೂರಿನ ನಂಬರನ್ನು ಬರೆದುಕೊಳ್ಳದೆ ಫೋನ್ ಇಡಬೇಡಿ.

ಸ್ಕ್ರೀನ್ ಶೇರ್ ಆ್ಯಪ್ ಹಾಕಿಕೊಂಡಿದ್ದರೆ ಮೊದಲು ಡೇಟಾ, ವೈಫೈ ಆಫ್ ಮಾಡಿ, ಆ್ಯಪ್ ತೆಗೆಯಿರಿ. ಪಾಸ್‌ವರ್ಡ್‌ಗಳನ್ನು ಬೇರೆ ಮೊಬೈಲಿನಿಂದ ಬದಲಿಸಿ. ಉಳಿತಾಯ ಖಾತೆ ಮಾತ್ರ ನೋಡಿ ಸುಮ್ಮನಾಗಬೇಡಿ. ಎಫ್‌ಡಿ ಮುರಿದಿದ್ದಾರಾ, ನಿಮ್ಮ ಹೆಸರಿನಲ್ಲಿ ‘ಪ್ರಿ-ಅಪ್ರೂವ್ಡ್’ ಸಾಲ ಎತ್ತಿದ್ದಾರಾ ಎಂದೂ ಬ್ಯಾಂಕಿಗೆ ಕೇಳಿ. ಖಾತೆಯಲ್ಲಿ ಇಲ್ಲದ ದುಡ್ಡನ್ನೂ ಹೀಗೆ ಕದಿಯುತ್ತಾರೆ, ಕಂತು ಕಟ್ಟುವ ಪಾಡು ನಿಮ್ಮದಾಗುತ್ತದೆ.

ಬ್ಯಾಂಕು ದುಡ್ಡು ವಾಪಸ್ ಕೊಡುತ್ತದಾ?

“ಒಟಿಪಿ ಕೊಟ್ಟಿದ್ದೀರಿ, ನಾವೇನೂ ಮಾಡೋಕಾಗಲ್ಲ” ಎಂದು ಬ್ರಾಂಚಿನಲ್ಲಿ ಬಾಯಿಮಾತಿಗೆ ಹೇಳಿದ್ದನ್ನು ಕೇಳಿ ಎದ್ದು ಬರಬೇಡಿ. 2017ರ ಜುಲೈ 6ರಂದು ರಿಸರ್ವ್ ಬ್ಯಾಂಕ್ ತಂದ ನಿಯಮ ಹೀಗಿದೆ. ತಪ್ಪು ಬ್ಯಾಂಕಿನದಾದರೆ ನಷ್ಟ ಪೂರ್ತಿ ಬ್ಯಾಂಕಿನದು. ತಪ್ಪು ಬ್ಯಾಂಕಿನದೂ ಅಲ್ಲ, ನಿಮ್ಮದೂ ಅಲ್ಲ, ನಡುವೆ ಇನ್ನೆಲ್ಲೋ ಆಗಿದ್ದರೆ, ಬ್ಯಾಂಕಿನ ಮೆಸೇಜ್ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಿಮಗೆ ನಷ್ಟವಿಲ್ಲ. ನಾಲ್ಕರಿಂದ ಏಳು ಕೆಲಸದ ದಿನವಾದರೆ ಸಾಮಾನ್ಯ ಉಳಿತಾಯ ಖಾತೆಯವರ ಹೊಣೆ ಹೆಚ್ಚೆಂದರೆ 10,000 ರೂಪಾಯಿ. ನೀವೇ ಒಟಿಪಿ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು. ತಿಳಿಸಿದ ಮೇಲೆ ಹೋದ ಒಂದೊಂದು ರೂಪಾಯಿಯೂ ಬ್ಯಾಂಕಿನ ಹೊಣೆ. ಬೇಗ ತಿಳಿಸಿ ಎಂದು ಅಷ್ಟು ಒತ್ತಿ ಹೇಳುವುದು ಇದಕ್ಕಾಗಿಯೇ.

ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ, ಇದನ್ನು ಬ್ರಾಂಚಿನಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ: ತಪ್ಪು ಗ್ರಾಹಕರದು ಎಂದು ಸಾಬೀತುಪಡಿಸಬೇಕಾದವರು ಬ್ಯಾಂಕಿನವರು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್‌ಗೆ ಬಂದ ಪ್ರಕರಣ ನೋಡಿ. ಅಸ್ಸಾಮಿನ ಗ್ರಾಹಕರೊಬ್ಬರಿಗೆ ಬಟ್ಟೆ ಕಂಪನಿಯ ಕಸ್ಟಮರ್ ಕೇರ್ ಎಂದು ಕರೆ ಬಂತು, ಆ್ಯಪ್ ಹಾಕಿಸಿದರು, ಸ್ಟೇಟ್ ಬ್ಯಾಂಕ್ ಖಾತೆಯಿಂದ 94,204 ರೂಪಾಯಿ ಹೋಯಿತು. ಅವರು 24 ಗಂಟೆಯೊಳಗೆ ಬ್ಯಾಂಕಿಗೆ ದೂರು ಕೊಟ್ಟಿದ್ದರು. ಹಣ ಹಿಂತಿರುಗಿಸಿ ಎಂದ ಗುವಾಹಟಿ ಹೈಕೋರ್ಟಿನ ಆದೇಶವನ್ನೇ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಗ್ರಾಹಕರೂ ಒಟಿಪಿ ವಿಷಯದಲ್ಲಿ ಎಚ್ಚರವಾಗಿರಬೇಕು ಎಂದೂ ಹೇಳಿತು.

ಆದ್ದರಿಂದ ದೂರನ್ನು ಬರವಣಿಗೆಯಲ್ಲಿ ಕೊಟ್ಟು, ಸೀಲ್ ಹಾಕಿಸಿದ ಪ್ರತಿ ಇಟ್ಟುಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. ಖರ್ಚಿಲ್ಲ, ವಕೀಲರೂ ಬೇಕಿಲ್ಲ. ಮಾಹಿತಿಗೆ 14448.

ನಮ್ಮ ಠಾಣೆಯಲ್ಲಿ “ಇದು ನಮಗೆ ಬರಲ್ಲ” ಅಂದರೆ?

ಕರ್ನಾಟಕದ ಜಿಲ್ಲೆಗಳಲ್ಲಿ ಇಂಥ ಪ್ರಕರಣಗಳಿಗೆಂದೇ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗಳಿವೆ, ಅಲ್ಲಿಗೆ ಹೋಗುವುದು ಉತ್ತಮ. ಆದರೆ ನಿಮ್ಮೂರಿನ ಠಾಣೆಯವರೂ ದೂರು ತೆಗೆದುಕೊಳ್ಳಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಅಪರಾಧ ಎಲ್ಲೇ ನಡೆದಿದ್ದರೂ ದೂರು ದಾಖಲಿಸಬಹುದು. ತಿರಸ್ಕರಿಸಿದರೆ ಎಸ್ಪಿಯವರಿಗೆ ಲಿಖಿತವಾಗಿ ಕೊಡಿ. ತಡೆಹಿಡಿದ ಹಣ ಬಿಡಿಸಿಕೊಳ್ಳಲು ಕೋರ್ಟ್ ಆದೇಶ ಬೇಕಾಗಿ ಬಂದಾಗ ಈ ಎಫ್‌ಐಆರ್ ಪ್ರತಿ ಕೇಳುತ್ತಾರೆ.

ಅಪ್ಪ-ಅಮ್ಮ ಊರಲ್ಲಿದ್ದಾರೆ. ಅವರಿಗೆ ಏನು ಮಾಡಿಡಲಿ?

“ಯಾರಿಗೂ ಒಟಿಪಿ ಹೇಳಬೇಡಮ್ಮ” ಎಂದು ಫೋನಿನಲ್ಲಿ ಹೇಳಿ ಮುಗಿಸಬೇಡಿ. ಮುಂದಿನ ಸಲ ಊರಿಗೆ ಹೋದಾಗ ಜೊತೆಯಲ್ಲಿ ಕೂತು ನಾಲ್ಕು ಕೆಲಸ ಮಾಡಿ. ಬ್ಯಾಂಕಿನ ನಂಬರ್ ಮತ್ತು 1930 ಎರಡನ್ನೂ ಅವರ ಮೊಬೈಲಿನಲ್ಲಿ ಸೇವ್ ಮಾಡಿ, ದೊಡ್ಡಕ್ಷರದಲ್ಲಿ ಬರೆದು ಕ್ಯಾಲೆಂಡರ್ ಪಕ್ಕ ಅಂಟಿಸಿ. ಯುಪಿಐಗೆ ಜೋಡಿಸಿದ ಖಾತೆಯಲ್ಲಿ ತಿಂಗಳ ಖರ್ಚಿಗೆ ಬೇಕಾದಷ್ಟೇ ಇರಲಿ, ಪಿಂಚಣಿ, ಎಫ್‌ಡಿ ಬೇರೆ ಖಾತೆಯಲ್ಲಿರಲಿ. ಕಾರ್ಡಿನಲ್ಲಿ ಆನ್‌ಲೈನ್ ಮತ್ತು ವಿದೇಶಿ ಬಳಕೆಯನ್ನು ಆಫ್ ಮಾಡಿ, ಮಿತಿ ಇಳಿಸಿ. 2020ರ ಅಕ್ಟೋಬರಿನಿಂದ ಎಲ್ಲ ಬ್ಯಾಂಕುಗಳೂ ಈ ಸೌಲಭ್ಯ ಕೊಡಬೇಕೆಂಬ ನಿಯಮವಿದೆ. ನಾಲ್ಕನೆಯದು, ಒಂದು ನಿಜವಾದ ಒಟಿಪಿ ಮೆಸೇಜನ್ನು ತೆರೆದು ತೋರಿಸಿ: ಮೊತ್ತ ಎಲ್ಲಿದೆ, ಅಂಗಡಿ ಹೆಸರು ಎಲ್ಲಿದೆ ಅಂತ ಅವರ ಕೈಯಲ್ಲೇ ಓದಿಸಿ.

ಮೋಸ ಹೋಗಿದ್ದೇನೆ. ಮನೆಯವರಿಗೆ ಹೇಳಲು ನಾಚಿಕೆ, ಭಯ.

ಹೇಳಿ. ಇವತ್ತೇ ಹೇಳಿ. ಗುಟ್ಟಾಗಿಟ್ಟುಕೊಂಡವರಿಗೆ ಮರುದಿನ ಅದೇ ಜನ ಮತ್ತೆ ಫೋನ್ ಮಾಡಿ ಇನ್ನಷ್ಟು ಕಿತ್ತುಕೊಳ್ಳುತ್ತಾರೆ. ಮನೆಯವರಲ್ಲೂ ಒಂದು ಕೋರಿಕೆ: ಹೋದ ದುಡ್ಡಿನ ಮಾತನ್ನು ಆ ಹೊತ್ತಿಗೆ ಬಿಟ್ಟುಬಿಡಿ. “ಅಷ್ಟೂ ಗೊತ್ತಾಗಲ್ವಾ ನಿಂಗೆ?” ಎಂಬ ಒಂದು ಮಾತಿಗೆ ಹೆದರಿ ಎಷ್ಟೋ ಹಿರಿಯರು ದೂರನ್ನೇ ಕೊಡುವುದಿಲ್ಲ. ಇದು ದಡ್ಡರಿಗೆ ಆಗುವ ಮೋಸವಲ್ಲ. ಮನುಷ್ಯರ ಭಯವನ್ನು ಚೆನ್ನಾಗಿ ಬಲ್ಲವರು ಅದನ್ನೇ ಕಸುಬು ಮಾಡಿಕೊಂಡಿದ್ದಾರೆ.

ವಿದೇಶದಲ್ಲಿದ್ದೇವೆ. ಇಲ್ಲೂ ಇಂಥ ಕರೆ ಬರುತ್ತವೆ.

ಬರುತ್ತವೆ, ಕಥೆಯೂ ಹೆಚ್ಚುಕಡಿಮೆ ಇದೇ. ಬ್ರಿಟನ್ನಿನಲ್ಲಿದ್ದರೆ ಕಟ್ ಮಾಡಿ 159ಕ್ಕೆ ಡಯಲ್ ಮಾಡಿ, ಅದು ಅಲ್ಲಿನ ಬಹುತೇಕ ದೊಡ್ಡ ಬ್ಯಾಂಕುಗಳಿಗೆ ನೇರವಾಗಿ ಸೇರಿಸುತ್ತದೆ. ಮೋಸಕ್ಕೆ ಬಿದ್ದು ನೀವೇ ಹಣ ಕಳಿಸಿದ್ದರೂ 2024ರ ಅಕ್ಟೋಬರ್ 7ರ ನಂತರದ ಪ್ರಕರಣಗಳಲ್ಲಿ 85,000 ಪೌಂಡಿನವರೆಗೆ ಬ್ಯಾಂಕು ತುಂಬಿಕೊಡಬೇಕೆಂಬ ನಿಯಮ ಅಲ್ಲಿದೆ. ಅಮೆರಿಕದಲ್ಲಿ ಹಾಗಿಲ್ಲ. ಹಣ ಕಳಿಸಲು ಅಲ್ಲಿ ‘ಜೆಲ್’ ಎಂಬ ಸೇವೆ ಇದೆ. “ಜೆಲ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಿ, ಹಣ ಉಳಿಯುತ್ತೆ” ಎಂದು ನಂಬಿಸಿ ನಿಮ್ಮ ಕೈಯಿಂದಲೇ ಕಳ್ಳನ ಖಾತೆಗೆ ಕಳಿಸಿಕೊಂಡರೆ ಮರಳಿ ಪಡೆಯುವುದು ಕಷ್ಟ. ಭಾರತದ ಎನ್‌ಆರ್‌ಇ, ಎನ್‌ಆರ್‌ಒ ಖಾತೆಯಿಂದ ಹೋಗಿದ್ದರೆ ಮೇಲೆ ಹೇಳಿದ ಸೈಬರ್‌ಕ್ರೈಮ್ ಪೋರ್ಟಲ್‌ನಲ್ಲಿ ನೀವೇ ದೂರು ಬರೆಯಿರಿ, ಊರಲ್ಲಿರುವವರಿಂದ 1930ಕ್ಕೆ ಫೋನ್ ಮಾಡಿಸಿ.

ಹೋದ ದುಡ್ಡನ್ನು ತೆಗೆಸಿಕೊಡುತ್ತೇವೆ ಎಂದು ಫೋನ್ ಬಂದಿದೆ. ಒಪ್ಪಬಹುದಾ?

ಬೇಡ. ಒಮ್ಮೆ ಮೋಸ ಹೋದವರ ಪಟ್ಟಿಯೂ ಕೈಯಿಂದ ಕೈಗೆ ಹೋಗುತ್ತದೆ. ಸೈಬರ್ ಪೊಲೀಸ್, ರಿಸರ್ವ್ ಬ್ಯಾಂಕ್, ‘ರಿಕವರಿ ಏಜೆಂಟ್’ ಎಂದು ಹೇಳಿಕೊಂಡು, ನಿಮ್ಮ ಹಣ ಸಿಕ್ಕಿದೆ, ಬಿಡಿಸಲು ಶೇಕಡಾ ಇಷ್ಟು ಶುಲ್ಕ ಕಟ್ಟಿ ಎನ್ನುತ್ತಾರೆ. ಪೊಲೀಸರಾಗಲಿ, ಒಂಬುಡ್ಸ್‌ಮನ್ ಆಗಲಿ ಹಣ ಮರಳಿಸಲು ಶುಲ್ಕ ತೆಗೆದುಕೊಳ್ಳುವುದಿಲ್ಲ. ನಿಮ್ಮ ದೂರಿನ ಸ್ಥಿತಿ ತಿಳಿಯಬೇಕಾದರೆ 1930ರಲ್ಲಿ ಸಿಕ್ಕ ಅಕ್ನಾಲೆಜ್‌ಮೆಂಟ್ ನಂಬರ್ ಹಾಕಿ ಪೋರ್ಟಲ್‌ನಲ್ಲೇ ನೋಡಿ, ಇಲ್ಲವೇ ದೂರು ಕೊಟ್ಟ ಠಾಣೆಗೆ ನೀವೇ ಹೋಗಿ ಕೇಳಿ.